ಬೋಟಿನ ಬ್ಯಾಟರಿಯೂ ಸಣ್ಣ ಸೋಲಾರ್ ಪ್ಯಾನೆಲೂ

(ಕಾಸರಗೋಡು ಕರಾವಳಿಯ ಮೀನುಗಾರಿಕೆ ಕೆಲಸಗಾರರ ಕೂಟದಲ್ಲಿ ಮಾಡಿದ ಭಾಷಣ)



ಈ ಸಾಯಂಕಾಲ ನಾವು ಮಾತಾಡಲು ಆರಿಸಿಕೊಂಡ ವಿಷಯ ಸಣ್ಣದು. ಕಡಲಿಗೆ ಹೊರಡುವ ಮೊದಲು ನಾವು ಡೀಸೆಲ್ ನೋಡುತ್ತೇವೆ, ಐಸ್ ನೋಡುತ್ತೇವೆ, ಬಲೆ ನೋಡುತ್ತೇವೆ, ಅಕ್ಕಿ ಮತ್ತು ಕುಡಿಯುವ ನೀರು ನೋಡುತ್ತೇವೆ. ಬ್ಯಾಟರಿಯನ್ನು ನೋಡುವವರು ಕಡಿಮೆ. ಅದು ಹಲಗೆಯ ಕೆಳಗೆ ಕತ್ತಲೆಯಲ್ಲಿ ಕುಳಿತಿರುತ್ತದೆ. ಇಂಜಿನು ಏಳದ ದಿನ, ದೀಪ ಮಂಕಾದ ರಾತ್ರಿ ಮಾತ್ರ ಅದರ ನೆನಪಾಗುತ್ತದೆ. ಆಗ ದಡ ಹತ್ತಿರವಿರುವುದಿಲ್ಲ.

ಆದುದರಿಂದ ಇಂದು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಬ್ಯಾಟರಿ ಏಕೆ ಸಾಯುತ್ತದೆ? ಒಂದು ಸಣ್ಣ ಸೋಲಾರ್ ಪ್ಯಾನೆಲ್ ಅದಕ್ಕೆ ಏನು ಮಾಡಬಲ್ಲದು, ಏನು ಮಾಡಲಾರದು? ಅದರ ಖರ್ಚು ಯಾರ ಲೆಕ್ಕಕ್ಕೆ ಹೋಗಬೇಕು?

ಬ್ಯಾಟರಿಯನ್ನು ನಂಬಿಕೊಂಡಿರುವುದು ಏನು?

2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಬಂದಾಗ ಕೇರಳದ ಮತ್ತು ಕನ್ಯಾಕುಮಾರಿಯ ಎಷ್ಟೋ ಬೋಟುಗಳು ಆಗಲೇ ದೂರದ ಕಡಲಿನಲ್ಲಿದ್ದವು. ಎಚ್ಚರಿಕೆಯ ಮಾತು ಅವರಿಗೆ ಮುಟ್ಟಲಿಲ್ಲ. ಅನೇಕರು ತಿರುಗಿ ಬರಲಿಲ್ಲ. ಅದರ ನಂತರ ವೈರ್‌ಲೆಸ್ ಸೆಟ್ಟು, ಉಪಗ್ರಹದಿಂದ ಸುದ್ದಿ ಹಿಡಿಯುವ ಯಂತ್ರ ಇವುಗಳ ಮಾತು ಎಲ್ಲ ಕಡೆ ಕೇಳಿಬಂತು. ಒಳ್ಳೆಯದೇ. ಆದರೆ ಇವೆಲ್ಲವೂ ಬ್ಯಾಟರಿಯ ಮೇಲೆ ನಡೆಯುವ ವಸ್ತುಗಳು. ಬ್ಯಾಟರಿ ಸತ್ತರೆ ಅವೂ ಮೂಕ.

2021ರ ಏಪ್ರಿಲ್ 13ರ ನಸುಕಿನಲ್ಲಿ ಮಂಗಳೂರಿನ ಹೊರಗಡೆ, ಸುಮಾರು 43 ನಾಟಿಕಲ್ ಮೈಲು ದೂರದಲ್ಲಿ, ಬೇಪೂರಿನಿಂದ ಹೊರಟ ಬೋಟಿಗೂ ಒಂದು ದೊಡ್ಡ ಸರಕು ಹಡಗಿಗೂ ಡಿಕ್ಕಿಯಾಯಿತು. ಬೋಟಿನಲ್ಲಿದ್ದವರು 14 ಮಂದಿ, ತಮಿಳುನಾಡಿನವರು ಮತ್ತು ಬಂಗಾಳದವರು. ಜೀವಂತವಾಗಿ ಸಿಕ್ಕಿದವರು ಇಬ್ಬರೇ. ದೀಪವಿಲ್ಲದೆ ಹಾಗಾಯಿತೆಂದು ನಾವು ಹೇಳುತ್ತಿಲ್ಲ. ನಾವು ಬಲೆ ಬಿಟ್ಟು ಕಾಯುವ ನೀರಿನಲ್ಲಿಯೇ ಅಂಥ ಹಡಗುಗಳು ರಾತ್ರಿಯಿಡೀ ಓಡಾಡುತ್ತವೆ ಎಂಬುದನ್ನು ನೆನಪಿಸುತ್ತಿದ್ದೇವೆ.

ಹಡಗುಗಳು ಒಂದನ್ನೊಂದು ಡಿಕ್ಕಿ ಹೊಡೆಯದಂತೆ 1972ರಲ್ಲಿ ಹಲವು ದೇಶಗಳು ಸೇರಿ ನಿಯಮ ಮಾಡಿದವು. ಟ್ರಾಲ್ ಬಲೆ ಎಳೆಯುವ ಬೋಟು ಮೇಲೆ ಹಸಿರು, ಅದರ ಕೆಳಗೆ ಬಿಳಿ ದೀಪ ತೋರಿಸಬೇಕು. ಬೇರೆ ಬಲೆಯವರು ಮೇಲೆ ಕೆಂಪು, ಕೆಳಗೆ ಬಿಳಿ ತೋರಿಸಬೇಕು. ಬಲೆ 150 ಮೀಟರಿಗಿಂತ ಹೆಚ್ಚು ಆಚೆ ಚಾಚಿದ್ದರೆ, ಚಾಚಿದ ಕಡೆಗೆ ಇನ್ನೊಂದು ಬಿಳಿ ದೀಪ ಬೇಕು. ದೊಡ್ಡ ಹಡಗಿನ ಮೇಲೆ ನಿಂತವನಿಗೆ ನಾವು ಮನುಷ್ಯರೆಂದು ತಿಳಿಸುವುದು ಈ ಎರಡು ಮೂರು ದೀಪಗಳೇ.

ಆದರೂ ಬೆಳಗ್ಗೆ ಇಂಜಿನು ಏಳಬೇಕಲ್ಲ ಎಂಬ ಹೆದರಿಕೆಯಿಂದ ರಾತ್ರಿ ದೀಪ ಆರಿಸಿ ಮಲಗುವ ಬೋಟುಗಳಿವೆ. ಹತ್ತು ಕನ್ಯೆಯರ ಸಾಮ್ಯ ನಮಗೆಲ್ಲ ಗೊತ್ತು. ದೀಪ ಹತ್ತು ಮಂದಿಯಲ್ಲಿಯೂ ಇತ್ತು, ಎಣ್ಣೆ ಐವರಲ್ಲಿ ಮಾತ್ರ ಇತ್ತು. ನಮ್ಮ ಎಣ್ಣೆ ಬ್ಯಾಟರಿಯಲ್ಲಿದೆ.

ಬ್ಯಾಟರಿ ಏಕೆ ಸಾಯುತ್ತದೆ?

ನಾವು ಸಾಮಾನ್ಯವಾಗಿ ಉಪಯೋಗಿಸುವ ಸೀಸದ ಬ್ಯಾಟರಿಯನ್ನು 1859ರಲ್ಲಿ ಗ್ಯಾಸ್ಟನ್ ಪ್ಲಾಂಟೆ ಎಂಬ ಫ್ರೆಂಚ್ ವಿಜ್ಞಾನಿ ಕಂಡುಹಿಡಿದನು. 12 ವೋಲ್ಟಿನ ಬ್ಯಾಟರಿಯೊಳಗೆ ಆರು ಕೋಣೆಗಳು. ಪ್ರತಿಯೊಂದರಲ್ಲಿಯೂ ಸೀಸದ ತಗಡುಗಳು, ನೀರು ಬೆರೆಸಿದ ಗಂಧಕಾಮ್ಲ, ಅಂದರೆ ನಾವು ಆಸಿಡ್ ಎನ್ನುವುದು. ನಾವು ದೀಪ ಉರಿಸಿದಾಗ ಆಸಿಡ್‌ನಲ್ಲಿರುವ ಗಂಧಕದ ಅಂಶ ತಗಡಿಗೆ ಹೋಗಿ ಬಿಳಿಯಾದ ಪದರವಾಗಿ ಕೂರುತ್ತದೆ. ಚಾರ್ಜ್ ಮಾಡಿದಾಗ ಆ ಪದರ ಕರಗಿ ಮತ್ತೆ ಆಸಿಡ್‌ಗೆ ಸೇರುತ್ತದೆ.

ಇಲ್ಲಿರುವ ಗುಟ್ಟನ್ನು ನಮ್ಮ ತಾಯಂದಿರು ಬೇಗ ಹಿಡಿಯುತ್ತಾರೆ. ಗಂಜಿಯ ಪಾತ್ರೆಯನ್ನು ಉಂಡ ಕೂಡಲೇ ತೊಳೆದರೆ ಬರೇ ನೀರಿಗೆ ಹೋಗುತ್ತದೆ. ನಾಲ್ಕು ದಿನ ಬಿಟ್ಟರೆ ಕೆರೆದರೂ ಹೋಗದು. ಬ್ಯಾಟರಿಯ ಪದರವೂ ಹಾಗೆಯೇ. ಅರ್ಧ ಖಾಲಿಯಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಪದರ ಗಟ್ಟಿಯಾಗಿ ಹರಳುಗಟ್ಟುತ್ತದೆ. ಮತ್ತೆ ಚಾರ್ಜಿಗೆ ಹಾಕಿದರೂ ಅದು ಕರಗುವುದಿಲ್ಲ. ಆ ಭಾಗದ ತಗಡು ಸತ್ತಂತೆಯೇ.

ಹೀಗೆ ಎಷ್ಟೋ ಬ್ಯಾಟರಿಗಳು ದುಡಿದು ಸಾಯುವುದಕ್ಕಿಂತ ಮೊದಲೇ ಅರ್ಧ ಹೊಟ್ಟೆಯಲ್ಲಿ ಬಿದ್ದುಕೊಂಡು ಸಾಯುತ್ತವೆ. ಕೇರಳದಲ್ಲಿ ಮಳೆಗಾಲದ ಟ್ರಾಲಿಂಗ್ ನಿಷೇಧ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರ ಮಧ್ಯರಾತ್ರಿಯವರೆಗೆ, 52 ದಿನ. ಬೋಟು ಕಟ್ಟಿಹಾಕುವ ದಿನ ಬ್ಯಾಟರಿ ಹೇಗಿತ್ತೋ ಹಾಗೆಯೇ ಬಿಡುತ್ತಾರೆ. ಏನೂ ಉರಿಸದಿದ್ದರೂ ಬ್ಯಾಟರಿ ತನ್ನಷ್ಟಕ್ಕೆ ಸೋರುತ್ತದೆ. ತಿಂಗಳಿಗೆ ನೂರಕ್ಕೆ ಐದು ಹೋಗಬಹುದು, ಹಳೆಯದಾದರೆ ಹತ್ತೂ ಹೋಗಬಹುದು. ಆಗಸ್ಟ್ ಒಂದನೇ ತಾರೀಕಿಗೆ ಧಕ್ಕೆಯಲ್ಲಿ ಬ್ಯಾಟರಿ ಅಂಗಡಿಯವನಿಗೆ ಏಕೆ ಅಷ್ಟು ವ್ಯಾಪಾರ ಎಂಬುದು ಇದರಿಂದ ತಿಳಿಯುತ್ತದೆ.

ಬ್ಯಾಟರಿಯ ಹೊಟ್ಟೆ ನೋಡುವುದು ಕಷ್ಟವಿಲ್ಲ. ಒಂದು ಸಾದಾ ಮೀಟರು ಸಾಕು. ಚಾರ್ಜನ್ನೂ ದೀಪವನ್ನೂ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಅಳೆದಾಗ 12.6 ವೋಲ್ಟ್ ಅಥವಾ ಮೇಲಿದ್ದರೆ ತುಂಬಿದೆ. 12.2ರ ಹತ್ತಿರವಿದ್ದರೆ ಅರ್ಧವಾಗಿದೆ. 12ರ ಕೆಳಗೆ ಇಳಿದರೆ ಅದು ಕೂಗುತ್ತಿದೆ ಎಂದು ತಿಳಿಯಿರಿ. ಅರ್ಧಕ್ಕಿಂತ ಕೆಳಗೆ ಇಳಿಸದೆ ನಡೆಸಿದ ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ.

ಸಣ್ಣ ಪ್ಯಾನೆಲ್ ಏನು ಮಾಡಬಲ್ಲದು?

2017ರ ಜನವರಿಯಿಂದ ವೈಕಂ ಮತ್ತು ತವಣಕ್ಕಡವು ನಡುವೆ 'ಆದಿತ್ಯ' ಎಂಬ ಸೋಲಾರ್ ದೋಣಿ 75 ಮಂದಿಯನ್ನು ದಾಟಿಸತೊಡಗಿತು. ಅದನ್ನು ಕೇಳಿ ನಮ್ಮಲ್ಲಿ ಕೆಲವರು ಮೀನಿನ ಬೋಟಿಗೂ ಒಂದು ಪ್ಯಾನೆಲ್ ಇಟ್ಟರೆ ಡೀಸೆಲ್ ಉಳಿಯುವುದೇ ಎಂದು ಕೇಳುತ್ತಾರೆ. ಆ ದೋಣಿಯ ಛಾವಣಿಯ ತುಂಬ 20 ಕಿಲೋವಾಟ್ ಪ್ಯಾನೆಲ್ ಇದೆ. ನಾವು ಹೇಳುವುದು 10 ವಾಟ್, ಹೆಚ್ಚೆಂದರೆ 75 ವಾಟ್. ಇದು ಬೋಟನ್ನು ಓಡಿಸದು. ಇದಕ್ಕೆ ಆಗುವ ಕೆಲಸ ಬೇರೆ.

ಲೆಕ್ಕ ಹಾಕಿ ನೋಡೋಣ. 12 ವೋಲ್ಟ್ ಬ್ಯಾಟರಿಗೆಂದು ಮಾಡಿದ ಪ್ಯಾನೆಲ್ 10 ವಾಟಿನದಾದರೆ ಒಳ್ಳೆಯ ಬಿಸಿಲಿನಲ್ಲಿ ಅರ್ಧ ಆಂಪಿಯರಿಗಿಂತ ಸ್ವಲ್ಪ ಹೆಚ್ಚು ಕೊಡುತ್ತದೆ. ಮಳೆಗಾಲದ ಮೋಡದಲ್ಲಿ ಇಡೀ ದಿನ ಸೇರಿ ಒಂದೂವರೆ ಗಂಟೆಯ ಬಿಸಿಲಿಗೆ ಸಮವಾಯಿತೆಂದು ಕಡಿಮೆಯಾಗಿಯೇ ಹಿಡಿಯಿರಿ. ಸೋರಿದ್ದೆಲ್ಲ ಹೋಗಿ ದಿನಕ್ಕೆ 0.6 ಆಂಪಿಯರ್ ಗಂಟೆ ಉಳಿಯುತ್ತದೆ. 100 ಆಂಪಿಯರ್ ಗಂಟೆಯ ಬ್ಯಾಟರಿ ತನ್ನಷ್ಟಕ್ಕೆ ಸೋರುವುದು ದಿನಕ್ಕೆ 0.2, ಹಳೆಯದಾದರೆ 0.3. ಅಂದರೆ ಕಟ್ಟಿಹಾಕಿದ ಬೋಟಿನ ಬ್ಯಾಟರಿಯನ್ನು ಆಷಾಢದ ಮೋಡದಲ್ಲಿಯೂ ಈ ಪುಟ್ಟ ಪ್ಯಾನೆಲ್ ತುಂಬಿದಂತೆ ಇಡಬಲ್ಲದು.

ಆದರೆ ಅರ್ಧ ಖಾಲಿಯಾದ ಅದೇ ಬ್ಯಾಟರಿಗೆ 50 ಆಂಪಿಯರ್ ಗಂಟೆ ಬೇಕು. ದಿನಕ್ಕೆ 0.6ರಂತೆ, ಸೋರುವುದನ್ನು ಕಳೆದು ನೋಡಿದರೆ ನೂರು ದಿನ ದಾಟುತ್ತದೆ. ನಿಷೇಧ ಮುಗಿದೇ ಹೋಗುತ್ತದೆ. ಆದುದರಿಂದ ಈ ಮಾತು ಮನಸ್ಸಿನಲ್ಲಿರಲಿ: ಸಣ್ಣ ಪ್ಯಾನೆಲ್ ಕಾಯುತ್ತದೆ, ತುಂಬಿಸುವುದಿಲ್ಲ. ಜೂನ್ ಮೊದಲ ವಾರ ಬ್ಯಾಟರಿಯನ್ನು ಕರೆಂಟಿನ ಚಾರ್ಜರಿನಲ್ಲಿ ಪೂರ್ತಿ ತುಂಬಿಸಿ, ಮೇಲಿನ ನೀರು ನೋಡಿ, ಆಮೇಲೆ ಪ್ಯಾನೆಲ್ಲಿಗೆ ಒಪ್ಪಿಸಬೇಕು. ತಳದ ನೀರು ತೆಗೆಯುವ ಪಂಪು ಅದೇ ಬ್ಯಾಟರಿಯಲ್ಲಿ ನಡೆಯುವುದಾದರೆ 10 ವಾಟ್ ಸಾಲದು. ಪಂಪು ದಿನಕ್ಕೆ ಒಂದು ಗಂಟೆ ಓಡಿದರೂ ಮೂರು ಆಂಪಿಯರ್ ಗಂಟೆ ಹೋಗುತ್ತದೆ.

ಇನ್ನು ರಾತ್ರಿ ಬಲೆ ಬಿಟ್ಟು ಇಂಜಿನು ನಿಲ್ಲಿಸಿ ಕಾಯುವ ಫೈಬರ್ ದೋಣಿಯ ಲೆಕ್ಕ. ಇವುಗಳಲ್ಲಿ ಹಲವಕ್ಕೆ ಹಗ್ಗ ಎಳೆದು ಹೊರಡಿಸುವ ಔಟ್‌ಬೋರ್ಡ್ ಇಂಜಿನು. ಅದು ಬ್ಯಾಟರಿಯನ್ನು ಚಾರ್ಜ್ ಮಾಡುವುದಿಲ್ಲ. ಬ್ಯಾಟರಿಯನ್ನು ಹೊತ್ತುಕೊಂಡು ಅಂಗಡಿಗೆ ಹೋಗಬೇಕು. ಮೂರು ವಾಟಿನ ಎಲ್‌ಇಡಿ ದೀಪ ಮೂರು, ಹತ್ತು ಗಂಟೆ ಉರಿದರೆ 90 ವಾಟ್ ಗಂಟೆ. ವೈರ್‌ಲೆಸ್ ಸೆಟ್ಟು ಕೇಳುತ್ತ ಕೂತರೆ ಸುಮಾರು 5 ವಾಟಿನಂತೆ 50. ಜಿಪಿಎಸ್ ಮತ್ತು ಮೀನು ತೋರಿಸುವ ಯಂತ್ರಕ್ಕೆ 30 ಇಡಿ. ಒಟ್ಟು 170. 12ರಿಂದ ಭಾಗಿಸಿದರೆ 14 ಆಂಪಿಯರ್ ಗಂಟೆ. 75 ವಾಟಿನ ಪ್ಯಾನೆಲ್ ಬೇಸಗೆಯ ದಿನಕ್ಕೆ ಐದು ಗಂಟೆ ಪೂರ್ಣ ಬಿಸಿಲೆಂದು ಹಿಡಿದು, ಕಾಲು ಭಾಗ ಬಿಸಿಗೂ ಉಪ್ಪಿಗೂ ವಯರಿಗೂ ಕಳೆದರೆ 15ರಷ್ಟು ಕೊಡುತ್ತದೆ. ಲೆಕ್ಕ ಸರಿಯಾಗುತ್ತದೆ.

ಅದೇ ದೀಪಗಳು ಹಳೆಯ ಕಾಲದ 10 ವಾಟ್ ಬಲ್ಬುಗಳಾದರೆ ಅವಕ್ಕೇ 300 ವಾಟ್ ಗಂಟೆ ಬೇಕು. ಆದುದರಿಂದ ಮೊದಲು ಬಲ್ಬು ಬದಲಾಯಿಸಿರಿ, ಆಮೇಲೆ ಪ್ಯಾನೆಲ್ ಕೊಳ್ಳಿರಿ. ಮೊಬೈಲುಗಳನ್ನೂ ಮರೆಯಬಾರದು. ಒಂದು ಫೋನಿಗೆ 20 ವಾಟ್ ಗಂಟೆಯಂತೆ ಎಂಟು ಮಂದಿಯ ಫೋನು ತುಂಬಿಸಲು 160 ಬೇಕು. ದೋಣಿಯ ಇಡೀ ರಾತ್ರಿಯ ಖರ್ಚಿಗೆ ಅದು ಹೆಚ್ಚುಕಡಿಮೆ ಸಮ. ಮನೆಯವರ ದನಿ ಕೇಳುವುದು ತಪ್ಪಲ್ಲ. ಆದರೆ ಅದನ್ನು ಲೆಕ್ಕದೊಳಗೆ ಸೇರಿಸಿ ಪ್ಯಾನೆಲ್ ಕೊಳ್ಳಬೇಕು. ಇಲ್ಲದಿದ್ದರೆ ಫೋನು ದೀಪದ ಪಾಲನ್ನು ತಿನ್ನುತ್ತದೆ.

ಇಂಜಿನು ಏಳಲು ಬೇಕಾದ ವಿದ್ಯುತ್ತು ಬಹಳ ಎಂದು ನಾವೆಲ್ಲ ನಂಬಿದ್ದೇವೆ. ಸ್ಟಾರ್ಟರು 200 ಆಂಪಿಯರ್ ಎಳೆದು ಮೂರು ಸೆಕೆಂಡು ತಿರುಗಿತೆಂದು ಇಟ್ಟುಕೊಳ್ಳಿ. ಅದು ಒಂದು ಆಂಪಿಯರ್ ಗಂಟೆಯ ಆರನೆಯ ಒಂದು ಪಾಲು ಮಾತ್ರ. ಬೇಕಾದದ್ದು ಸ್ವಲ್ಪವೇ, ಆದರೆ ಒಮ್ಮೆಲೇ ಬೇಕು. ಸೊರಗಿದ ಬ್ಯಾಟರಿ ಹಾಗೆ ಒಮ್ಮೆಲೇ ಕೊಡಲಾರದು. ಆದುದರಿಂದ ಇಂಜಿನಿಗೆ ಒಂದು ಬ್ಯಾಟರಿ, ದೀಪಕ್ಕೂ ಸೆಟ್ಟಿಗೂ ಬೇರೊಂದು ಇಟ್ಟರೆ ದೀಪ ಆರಿಸುವ ಕಾರಣವೇ ಇರುವುದಿಲ್ಲ.

ಕೂರಿಸುವಾಗ ನೋಡಬೇಕಾದ ವಿಷಯಗಳು

ಮೊದಲನೆಯದು ನೆರಳು. 12 ವೋಲ್ಟಿನ ಪ್ಯಾನೆಲ್ಲಿನಲ್ಲಿ ಸಾಮಾನ್ಯವಾಗಿ 36 ಬಿಲ್ಲೆಗಳು ಒಂದರ ಹಿಂದೆ ಒಂದು ಸೇರಿವೆ. ನೀರಿನ ಪೈಪನ್ನು ಒಂದು ಕಡೆ ತುಳಿದರೆ ಕೊನೆಯಲ್ಲಿ ನೀರು ನಿಲ್ಲುವಂತೆ, ಒಂದು ಬಿಲ್ಲೆಗೆ ನೆರಳು ಬಿದ್ದರೂ ಪ್ಯಾನೆಲ್ ಸೊರಗುತ್ತದೆ. ಕಂಬದ ನೆರಳು, ಬಲೆಯ ರಾಶಿ, ಒಣಹಾಕಿದ ಲುಂಗಿ, ಕಾಗೆಯ ಹಿಕ್ಕೆ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಕ್ಯಾಬಿನ್ನಿನ ಮೇಲೆ ಚಪ್ಪಟೆಯಾಗಿ ಕೂರಿಸಿದರೆ ಸಾಕು, ಬೋಟು ತಿರುಗುತ್ತಲೇ ಇರುವುದರಿಂದ ಓರೆ ಮಾಡಿ ಪ್ರಯೋಜನವಿಲ್ಲ. ಅಡಿಯಲ್ಲಿ ಗಾಳಿ ಆಡಲು ಎರಡು ಬೆರಳು ಜಾಗ ಬಿಡಿ, ಬಿಸಿಯಾದಷ್ಟೂ ಅದು ಕಡಿಮೆ ಕೊಡುತ್ತದೆ. ವಾರಕ್ಕೊಮ್ಮೆ ಸಿಹಿನೀರಿನಲ್ಲಿ ಉಪ್ಪು ತೊಳೆಯಿರಿ.

ಎರಡನೆಯದು ಚಾರ್ಜ್ ಕಂಟ್ರೋಲರ್. 12 ವೋಲ್ಟಿನದು ಎಂದು ಹೇಳುವ ಪ್ಯಾನೆಲ್ ಖಾಲಿ ಬಿಟ್ಟಾಗ 21 ವೋಲ್ಟಿನವರೆಗೂ ಹೋಗುತ್ತದೆ. ಬ್ಯಾಟರಿಗೆ ತುಂಬುವಾಗ 14.4, ತುಂಬಿದ ಮೇಲೆ 13.6ರ ಆಸುಪಾಸು ಸಾಕು. ಹೆಚ್ಚಾದರೆ ಒಳಗಿನ ನೀರು ಕುದಿದಂತೆ ಗುಳ್ಳೆಯಾಗಿ ಹೋಗುತ್ತದೆ. ಕಂಟ್ರೋಲರ್ ಇದನ್ನು ತಡೆಯುತ್ತದೆ. ರಾತ್ರಿ ಬ್ಯಾಟರಿಯಿಂದ ಪ್ಯಾನೆಲ್ಲಿಗೆ ಹಿಂದೆ ಹರಿಯದಂತೆಯೂ ನೋಡುತ್ತದೆ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಸ್ಟಾರ್ಟರಿನ ವಯರನ್ನು ಎಂದಿಗೂ ಕಂಟ್ರೋಲರ್ ಮೂಲಕ ಎಳೆಯಬಾರದು. ಲಿಥಿಯಂ ಬ್ಯಾಟರಿಯಾದರೆ ಅದಕ್ಕೆ ಒಪ್ಪುವ ಕಂಟ್ರೋಲರನ್ನೇ ಕೇಳಿ ತೆಗೆದುಕೊಳ್ಳಿ.

ಮೂರನೆಯದು ವಯರು ಮತ್ತು ಫ್ಯೂಸು. 75 ವಾಟಿನ ಪ್ಯಾನೆಲ್ಲಿಗೆ ನಾಲ್ಕು ಚದರ ಮಿಲ್ಲಿಮೀಟರಿನ, ಹಲವು ಎಳೆಗಳ ತಾಮ್ರದ ವಯರು ಇರಲಿ. ತವರ ಬಳಿದದ್ದು ಸಿಕ್ಕಿದರೆ ಉಪ್ಪುಗಾಳಿಗೆ ಹೆಚ್ಚು ತಡೆಯುತ್ತದೆ. ಬ್ಯಾಟರಿಯ ಪ್ಲಸ್ಸಿನ ಹತ್ತಿರವೇ 10 ಆಂಪಿಯರ್ ಫ್ಯೂಸು ಹಾಕಿ. ಫ್ಯೂಸಿನ ಜಾಗಕ್ಕೆ ಸಿಗರೇಟು ಪೊಟ್ಟಣದ ಬೇಗಡೆ ಸುತ್ತುವುದು ಬೋಟಿಗೆ ಬೆಂಕಿ ಹಚ್ಚಿದ ಹಾಗೆ.

ನಾಲ್ಕನೆಯದು ಪ್ರಾಣದ ಮಾತು. ಚಾರ್ಜಾಗುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ. ಅದಕ್ಕೆ ವಾಸನೆಯಿಲ್ಲ, ಒಂದು ಕಿಡಿ ಸಾಕು, ಸಿಡಿಯುತ್ತದೆ. ಬ್ಯಾಟರಿ ಇಡುವ ಪೆಟ್ಟಿಗೆಗೆ ಮೇಲ್ಗಡೆ ಗಾಳಿಯ ದಾರಿ ಇರಬೇಕು, ಹತ್ತಿರ ಬೀಡಿ ಸೇದಬಾರದು. ಬ್ಯಾಟರಿಯೊಳಗೆ ಉಪ್ಪುನೀರು ಹೋದರೆ ಕ್ಲೋರಿನ್ ವಿಷಗಾಳಿ ಏಳುತ್ತದೆ, ಆದುದರಿಂದ ತಳದ ನೀರು ಮುಟ್ಟದ ಎತ್ತರದಲ್ಲಿಟ್ಟು ಬೆಲ್ಟಿನಿಂದ ಬಿಗಿಯಿರಿ. ಕಡಿಮೆಯಾದಾಗ ಹಾಕಬೇಕಾದದ್ದು ಡಿಸ್ಟಿಲ್ಡ್ ವಾಟರ್ ಮಾತ್ರ, ಬಾವಿಯ ನೀರು ಬೇಡ. ಆಸಿಡ್ ಮೈಗೆ ತಾಗಿದರೆ ಧಾರಾಳವಾಗಿ ನೀರು ಹೊಯ್ಯಿರಿ.

ಖರ್ಚು ಯಾರದು?

ಇಷ್ಟು ಹೇಳಿದ ಮೇಲೆ ಹಣದ ಮಾತಿಗೆ ಬರಲೇಬೇಕು. ನಮ್ಮ ಕೆಲಸ ಪಾಲಿನ ಕೆಲಸ. ಮಾರಿದ ಮೀನಿನ ಹಣದಿಂದ ಡೀಸೆಲ್, ಐಸ್, ರೇಷನ್ ಕಳೆದು ಉಳಿದದ್ದನ್ನು ಬೋಟಿನ ಮಾಲಕರೂ ಕೆಲಸಗಾರರೂ ಹಂಚಿಕೊಳ್ಳುತ್ತಾರೆ. ಬ್ಯಾಟರಿ ಸತ್ತಾಗ ಅದು ಯಾವ ಖಾತೆಗೆ ಹೋಗುತ್ತದೆ? ಕೆಲವು ಬೋಟುಗಳಲ್ಲಿ ಮಾಲಕರು ಹಾಕುತ್ತಾರೆ. ಕೆಲವು ಕಡೆ ಅದನ್ನೂ ಒಟ್ಟು ಖರ್ಚಿಗೆ ಸೇರಿಸಿ ಪಾಲಿಗೆ ಮೊದಲೇ ಕಳೆಯುತ್ತಾರೆ. ಹಾಗೆ ಕಳೆಯುವ ಬೋಟಿನಲ್ಲಿ ದೀಪ ಉರಿಸುವವನು ತನ್ನ ಮಕ್ಕಳ ಪಾಲನ್ನೇ ಉರಿಸಿದಂತಾಗುತ್ತದೆ. ಹಾಗಿರುವಾಗ ಅವನು ದೀಪ ಆರಿಸಿದರೆ ಆಶ್ಚರ್ಯವೇನು?

ನಾವು ಹೇಳುವುದು ಇಷ್ಟೇ. ಲಂಗರು ಹೇಗೆ ಬೋಟಿನ ಸೊತ್ತೋ, ಲೈಫ್ ಜಾಕೆಟ್ ಹೇಗೆ ಬೋಟಿನ ಸೊತ್ತೋ, ದೀಪದ ಬ್ಯಾಟರಿಯೂ ಅದನ್ನು ಕಾಯುವ ಪ್ಯಾನೆಲ್ಲೂ ಹಾಗೆಯೇ. ಅವು ಮಾಲಕರ ಖಾತೆಯಲ್ಲಿ ಇರತಕ್ಕವು. ಇದರಿಂದ ಮಾಲಕರಿಗೆ ನಷ್ಟವಿಲ್ಲ. ಪ್ರತಿ ಮಳೆಗಾಲ ಕಳೆದು ಹೊಸ ಬ್ಯಾಟರಿ ತರುವುದಕ್ಕಿಂತ ಇದ್ದದ್ದನ್ನು ಬದುಕಿಸಿಕೊಳ್ಳುವುದು ಅವರಿಗೂ ಲಾಭ. ಈ ಲೆಕ್ಕವನ್ನು ಜಗಳವಿಲ್ಲದೆ, ಕಾಗದದ ಮೇಲೆ ಬರೆದು ಅವರ ಮುಂದಿಡೋಣ. ಕೆಲಸಗಾರರೇ ಸೇರಿ ನಡೆಸುವ ಫೈಬರ್ ದೋಣಿಗಳಲ್ಲಿ ನಾವೇ ಮಾಲಕರು. ಅಲ್ಲಿ ದಿನದ ಗಳಿಕೆಯಿಂದ ಸ್ವಲ್ಪ ತೆಗೆದಿಟ್ಟು ಸಾಮಾನ್ಯ ನಿಧಿಯಿಂದ ಕೊಳ್ಳೋಣ.

ಕೊಂಡ ಮೇಲೆ ಪ್ರತಿ ಬೋಟಿನಲ್ಲಿ ಒಬ್ಬರ ಮೇಲೆ ಜವಾಬ್ದಾರಿ ಇರಲಿ. ಎಲ್ಲರ ಕೆಲಸವೆಂದರೆ ಯಾರ ಕೆಲಸವೂ ಆಗುವುದಿಲ್ಲ. ವಾರಕ್ಕೊಮ್ಮೆ ವೋಲ್ಟು ಅಳೆದು ತಾರೀಕು ಹಾಕಿ ಒಂದು ಪುಸ್ತಕದಲ್ಲಿ ಬರೆಯಲಿ. ಒಡಿಶಾ, ಬಂಗಾಳ, ತಮಿಳುನಾಡಿನಿಂದ ಬಂದು ನಮ್ಮ ಜೊತೆ ದುಡಿಯುವ ಸಹೋದರರು ಎಷ್ಟೋ ಸಾರಿ ಕಟ್ಟಿದ ಬೋಟಿನಲ್ಲಿಯೇ ಮಲಗುತ್ತಾರೆ. ಬ್ಯಾಟರಿಯ ಹತ್ತಿರ ಇರುವವರು ಅವರೇ. ಅವರಿಗೆ ತಿಳಿಯುವ ಮಾತಿನಲ್ಲಿ ಇದನ್ನೆಲ್ಲ ಹೇಳಿಕೊಡುವುದು ನಮ್ಮ ಕರ್ತವ್ಯ. ಕಷ್ಟ ಬಂದಾಗ ವೈರ್‌ಲೆಸ್ಸಿನಲ್ಲಿ 16ನೇ ಚಾನೆಲ್, ಸಿಗ್ನಲ್ ಸಿಕ್ಕುವಲ್ಲಿ ಫೋನಿನಿಂದ ಕೋಸ್ಟ್ ಗಾರ್ಡಿನ 1554 ಎಂಬುದನ್ನೂ ಕ್ಯಾಬಿನ್ನಿನ ಒಳಗೆ ಎಲ್ಲರಿಗೂ ಕಾಣುವಂತೆ ಬರೆದಿಡೋಣ.

ಮಂಜೇಶ್ವರ, ಕುಂಬಳೆ, ಕಸಬದ ಸಹೋದರರು ಮುಂದಿನ ಕೂಟಕ್ಕೆ ಬರುವಾಗ ತಮ್ಮ ತಮ್ಮ ಬೋಟಿನ ಬ್ಯಾಟರಿಯ ವೋಲ್ಟು ಎಷ್ಟೆಂದು ಒಂದು ಚೀಟಿಯಲ್ಲಿ ಬರೆದು ತರಬೇಕೆಂದು ಕೇಳಿಕೊಳ್ಳುತ್ತೇವೆ. ಮೀಟರು ಇಲ್ಲದವರು ಇದ್ದವರಿಂದ ಒಂದು ಗಂಟೆಗೆ ಕೇಳಿ ಪಡೆಯಿರಿ. ಆ ಚೀಟಿಗಳನ್ನು ಒಟ್ಟಿಗೆ ಇಟ್ಟುಕೊಂಡು ಮಾಲಕರೊಡನೆ ಮಾತಿಗೆ ಕೂರೋಣ.